ಕುಸುಬೆ ಹೊಲದ ಇಸ್ಕಿಯೋಡಾನ್: ಒಂದು ಸಿರ್ಫಿಡ್ ನೊಣವನ್ನು ಗುರುತಿಸಿ ಅದರ ಹರವನ್ನು ದಾಖಲಿಸಿದ ಅನುಭವ

ಹಿಂಗಾರಿನ ಬೆಳೆ ಹೂವಿಗೆ ಬರುವ ಹೊತ್ತಿಗೆ ಧಾರವಾಡ ಸುತ್ತಿನ ಕರಿಮಣ್ಣಿನ ಹೊಲಗಳಲ್ಲಿ ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಎಂಬ ಸಿರ್ಫಿಡ್ ನೊಣ ಎಲ್ಲೆಲ್ಲೂ ಕಾಣಸಿಗುತ್ತದೆ. ಒಂದು ಸೆಂಟಿಮೀಟರ್‌ಗಿಂತ ತುಸು ಚಿಕ್ಕದಾದ, ಕಪ್ಪು ಹೊಟ್ಟೆಯ ಮೇಲೆ ಹಳದಿ ಪಟ್ಟೆಗಳಿರುವ ಈ ನೊಣವನ್ನು ಹೆಚ್ಚಿನ ರೈತರು ಸಣ್ಣ ಜೇನೆಂದೇ ತಿಳಿಯುತ್ತಾರೆ. ಕುಸುಬೆ, ಜೋಳ, ಅಲಸಂದೆ, ಸಾಸಿವೆ, ಹತ್ತಿ ಇವುಗಳಲ್ಲಿ ಯಾವ ಬೆಳೆಗೆ ರಸ ಹೀರುವ ಸಸ್ಯಹೇನು ಮುತ್ತಿದರೂ ಅಲ್ಲಿಗೆ ಇದು ಬಂದು ಮೊಟ್ಟೆ ಇಡುತ್ತದೆ, ಇದರ ಮರಿಹುಳು ಹೇನನ್ನೇ ತಿಂದು ಬೆಳೆಯುತ್ತದೆ. ಇಷ್ಟು ಸಾಮಾನ್ಯವಾದ, ಇಷ್ಟು ಉಪಕಾರಿಯಾದ ಕೀಟ ನಮ್ಮ ಯಾವ ಯಾವ ತಾಲ್ಲೂಕುಗಳಲ್ಲಿ, ಯಾವ ಬೆಳೆಯಲ್ಲಿ, ಯಾವ ತಿಂಗಳಿನಲ್ಲಿ ಇದೆ ಎಂದು ವಿದ್ಯಾರ್ಥಿಗಳು ಕೇಳಿದಾಗ, ಪ್ರಾಣಿಶಾಸ್ತ್ರ ಪಾಠ ಮಾಡುವ ನನ್ನ ಬಳಿ ಆಧಾರಸಹಿತ ಉತ್ತರವಿರಲಿಲ್ಲ. ಆ ಉತ್ತರವನ್ನು ನಾನೇ ಹುಡುಕಲು ಹೊರಟಾಗ ಅನುಸರಿಸಿದ ಕ್ರಮವನ್ನು, ಇದೇ ಕೆಲಸಕ್ಕೆ ಕೈಹಾಕಬಯಸುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹರವಿನ ನಕಾಶೆಯಲ್ಲಿ ಇಡುವ ಪ್ರತಿಯೊಂದು ಚುಕ್ಕೆಯೂ ಒಂದು ಹೆಸರಿನ ಮೇಲೆ ನಿಂತಿರುತ್ತದೆ. ಹೆಸರು ತಪ್ಪಿದ್ದರೆ ಅಕ್ಷಾಂಶ ರೇಖಾಂಶಗಳನ್ನು ಎಷ್ಟು ನಿಖರವಾಗಿ ಬರೆದಿದ್ದರೂ ಆ ಚುಕ್ಕೆಗೆ ಬೆಲೆಯಿಲ್ಲ. ಆದ್ದರಿಂದ ನನ್ನ ಸಮಯದ ಬಹುಪಾಲು ತಿರುಗಾಟಕ್ಕಿಂತ ಹೆಚ್ಚಾಗಿ ಗುರುತಿಸುವಿಕೆಗೇ ಹೋಯಿತು, ಹಾಗೆ ಹೋದದ್ದೇ ಸರಿಯೆಂದು ಈಗಲೂ ನಂಬುತ್ತೇನೆ.

ಮೊದಲ ಹಂತ ಸುಲಭವಾದದ್ದು. ಜೇನಿಗೆ ಎರಡು ಜೊತೆ ರೆಕ್ಕೆಗಳು, ನೊಣಕ್ಕೆ ಒಂದೇ ಜೊತೆ. ಜೇನಿನ ಮೀಸೆ ಉದ್ದ, ಈ ನೊಣದ ಮೀಸೆ ತೀರಾ ಗಿಡ್ಡ. ಹೂವಿನ ಮುಂದೆ ಗಾಳಿಯಲ್ಲಿ ಒಂದೇ ಕಡೆ ನಿಂತು, ಥಟ್ಟನೆ ಪಕ್ಕಕ್ಕೆ ಸರಿದು, ಮತ್ತೆ ನಿಲ್ಲುವ ಹಾರಾಟವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆದರೆ ಇದು ಸಿರ್ಫಿಡೆ ಕುಟುಂಬದ ನೊಣವೇ ಎಂಬುದಕ್ಕೆ ನಾನು ನೆಚ್ಚುವ ಗುರುತು ರೆಕ್ಕೆಯಲ್ಲಿದೆ. ರೆಕ್ಕೆಯ ನಡುಭಾಗದಲ್ಲಿ, ಉಳಿದ ನಾಳಗಳಿಗೆ ಸರಿಯಾಗಿ ಜೋಡಣೆಯಾಗದೆ, ಮಡಿಕೆಯ ಹಾಗೆ ದಪ್ಪಗಾದ ಒಂದು ಗೆರೆ ಉದ್ದಕ್ಕೆ ಹಾದುಹೋಗುತ್ತದೆ. ಇದು ನಿಜವಾದ ನಾಳವಲ್ಲವಾದ್ದರಿಂದ ಇದನ್ನು ಹುಸಿನಾಳವೆಂದು ಕರೆಯುತ್ತಾರೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯೊಂದಿದ್ದರೆ ಹೊಲದಲ್ಲಿಯೇ ಇದನ್ನು ನೋಡಬಹುದು. ಜಗತ್ತಿನಲ್ಲಿ ಸುಮಾರು 6000 ಪ್ರಭೇದಗಳಿರುವ ಈ ಕುಟುಂಬದ ಬಹುತೇಕ ಎಲ್ಲ ಸದಸ್ಯರಲ್ಲೂ ಹುಸಿನಾಳವಿದೆ.

ಮುಂದಿನ ಪ್ರಶ್ನೆ ಉಪಕುಟುಂಬದ್ದು. ನಮ್ಮ ಹೊಲ ಮತ್ತು ಕೆರೆಯಂಚುಗಳಲ್ಲಿ ಸಿಗುವ ಸಿರ್ಫಿಡ್‌ಗಳು ಮುಖ್ಯವಾಗಿ ಎರಡು ಪಾಳೆಯದವು. ಎರಿಸ್ಟಾಲಿನೆ ಉಪಕುಟುಂಬದಲ್ಲಿ ಕೊಚ್ಚೆನೀರಿನಲ್ಲಿ ಬೆಳೆದು, ಉದ್ದನೆಯ ಬಾಲದಂಥ ಕೊಳವೆಯ ಮೂಲಕ ಉಸಿರಾಡುವ ಮರಿಹುಳುಗಳ ನೊಣಗಳು ಬರುತ್ತವೆ. ಕಣ್ಣಿನ ಮೇಲೆ ಚುಕ್ಕೆಯೋ ಗೆರೆಯೋ ಇರುವ ಎರಿಸ್ಟಾಲಿನಸ್ ಇವುಗಳಲ್ಲಿ ಎದ್ದು ಕಾಣುತ್ತದೆ. ಹೇನು ತಿನ್ನುವ ಮರಿಗಳಿರುವುದು ಸಿರ್ಫಿನೆಯಲ್ಲಿ. ಇವೆರಡನ್ನು ಬೇರ್ಪಡಿಸಲು ನೊಣದ ತಲೆಯನ್ನು ಎಚ್ಚರದಿಂದ ಕೊಂಚ ಮುಂದಕ್ಕೆ ಒತ್ತಿ ಹಿಡಿದು ಎದೆಯ ಮುಂಭಾಗದ ಎರಡು ಮೂಲೆಗಳಲ್ಲಿರುವ ಸಣ್ಣ ಉಬ್ಬುಗಳನ್ನು ನೋಡಬೇಕು. ಸಿರ್ಫಿನೆಯಲ್ಲಿ ಆ ಉಬ್ಬುಗಳ ಮೇಲೆ ಕೂದಲಿರುವುದಿಲ್ಲ, ಎರಿಸ್ಟಾಲಿನೆಯಲ್ಲಿ ಇರುತ್ತದೆ. ಇಸ್ಕಿಯೋಡಾನ್ ಸಿರ್ಫಿನೆಯ ಸಿರ್ಫಿನಿ ಗುಂಪಿಗೆ ಸೇರಿದ ಕುಲ.

ನಿಜವಾದ ಕಷ್ಟ ಇಲ್ಲಿಂದ ಶುರುವಾಗುತ್ತದೆ. ಒಂದೇ ಕುಸುಬೆ ಹೊಲದಲ್ಲಿ ಕಪ್ಪು ಹಳದಿ ಪಟ್ಟೆಯ ಮೂರು ನಾಲ್ಕು ಕುಲಗಳು ಒಟ್ಟಿಗೆ ಹಾರಾಡುತ್ತಿರುತ್ತವೆ. ಅವುಗಳಲ್ಲಿ ಎಪಿಸಿರ್ಫಸ್ ಅನ್ನು ಬೇಗ ಬದಿಗಿಡಬಹುದು. ಅದರ ಹೊಟ್ಟೆಯ ಮೂರನೆಯ ಮತ್ತು ನಾಲ್ಕನೆಯ ಖಂಡಗಳಲ್ಲಿ ದಪ್ಪ ಕಪ್ಪು ಪಟ್ಟೆಯಲ್ಲದೆ ಇನ್ನೊಂದು ತೆಳು ಕಪ್ಪು ಪಟ್ಟೆಯೂ ಇರುತ್ತದೆ. ಎದೆಯ ಬದಿಗಳಲ್ಲಿ ಎದ್ದು ತೋರುವ ಹಳದಿ ಅಂಚು ಇರುವುದಿಲ್ಲ. ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್‌ನಲ್ಲಿ ಕಪ್ಪು ಎದೆಯ ಎರಡೂ ಅಂಚಿನ ಉದ್ದಕ್ಕೆ, ಕುಂಚದಿಂದ ಎಳೆದಷ್ಟು ಸ್ಪಷ್ಟವಾದ ಹಳದಿ ಪಟ್ಟಿ ಇರುತ್ತದೆ. ಹೊಟ್ಟೆಯ ಎರಡನೆಯ ಖಂಡದ ಮೇಲೆ ಬೇರೆ ಬೇರೆಯಾಗಿ ನಿಂತ ಎರಡು ಹಳದಿ ಮಚ್ಚೆಗಳಿರುತ್ತವೆ, ಮೂರು ಮತ್ತು ನಾಲ್ಕನೆಯ ಖಂಡಗಳ ಮೇಲೆ ಹಳದಿ ಪಟ್ಟೆಗಳಿರುತ್ತವೆ. ಎದೆಯ ಹಿಂತುದಿಯಲ್ಲಿ ಅರ್ಧಚಂದ್ರಾಕಾರವಾಗಿ ಚಾಚಿಕೊಂಡಿರುವ ಸ್ಕುಟೆಲ್ಲಮ್ ಎಂಬ ತಗಡು ಹಳದಿಯಾಗಿದ್ದು, ನಡುವೆ ಕಂದು ಛಾಯೆ ಹೊಂದಿರುತ್ತದೆ.

ಎದೆಯಂಚಿನ ಹಳದಿ ಪಟ್ಟಿ ಸ್ಫಿರೋಫೋರಿಯಾ ಕುಲದಲ್ಲಿಯೂ ಇದೆ. ಛಾಯಾಚಿತ್ರಗಳನ್ನು ನೋಡಿ ಹೆಸರಿಸುವವರು ಅತಿ ಹೆಚ್ಚು ಗೊಂದಲಕ್ಕೀಡಾಗುವುದು ಇಲ್ಲಿಯೇ. ಸ್ಫಿರೋಫೋರಿಯಾದ ಗಂಡು ಸಣಕಲು ದೇಹದ್ದು. ಅದರ ಹೊಟ್ಟೆ ಮೊದಲಿನಿಂದ ಕೊನೆಯವರೆಗೆ ಒಂದೇ ಅಗಲವಾಗಿದ್ದು, ತುದಿಯಲ್ಲಿ ಜನನಾಂಗದ ಭಾಗ ಗುಂಡಗೆ ಉಬ್ಬಿರುತ್ತದೆ. ಇಸ್ಕಿಯೋಡಾನ್‌ನ ಹೊಟ್ಟೆ ಅದಕ್ಕಿಂತ ಅಗಲವಾದದ್ದು. ಆದರೂ ಗಂಡು ನೊಣಗಳ ವಿಷಯದಲ್ಲಿ ನಾನು ಈ ಆಕಾರದ ಗುರುತಿಗೆ ನಿಲ್ಲುವುದಿಲ್ಲ. ಹಿಂಗಾಲಿನ ಬುಡದಲ್ಲಿ, ದೇಹಕ್ಕೆ ಅಂಟಿದ ಮೊದಲ ಗಂಟಿಗೂ ತೊಡೆಗೂ ನಡುವೆ ಒಂದು ಪುಟ್ಟ ಗಂಟಿದೆ. ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್‌ನ ಗಂಡಿನಲ್ಲಿ ಆ ಗಂಟಿನಿಂದ ಕೆಳಕ್ಕೆ ಒಂದು ಮುಳ್ಳು ಹೊರಟಿರುತ್ತದೆ. ಇದು ಕಂಡರೆ ಸ್ಫಿರೋಫೋರಿಯಾ ಅಲ್ಲವೆಂಬುದು ಖಚಿತ.

ಆ ಮುಳ್ಳು ಕಾಣಬೇಕಾದರೆ ಮಾದರಿಯನ್ನು ಸಿದ್ಧಪಡಿಸುವ ಕ್ರಮ ಮುಖ್ಯ. ಒಣಗಿದ ನೊಣದ ಹಿಂಗಾಲುಗಳು ಹೊಟ್ಟೆಗೆ ಒತ್ತಿಕೊಂಡು ಗಡುಸಾಗುತ್ತವೆ. ಆಮೇಲೆ ಬಿಡಿಸಲು ಹೋದರೆ ಕಾಲೇ ಮುರಿಯುತ್ತದೆ. ಆದ್ದರಿಂದ ಕೀಟವನ್ನು ಕೊಲ್ಲಲು ಬಳಸುವ ಈಥೈಲ್ ಅಸಿಟೇಟ್ ಸೀಸೆಯಿಂದ ಹೊರತೆಗೆದ ಕೂಡಲೇ, ದೇಹ ಇನ್ನೂ ಮೆತ್ತಗಿರುವಾಗ, ತೆಳುವಾದ ಕೀಟಸೂಜಿಯನ್ನು ಎದೆಯ ನಡುಗೆರೆಯಿಂದ ಸ್ವಲ್ಪ ಬಲಕ್ಕೆ ಚುಚ್ಚಿ, ಇನ್ನೊಂದು ಸೂಜಿಯ ತುದಿಯಿಂದ ಹಿಂಗಾಲುಗಳನ್ನು ಕೆಳಕ್ಕೂ ಹಿಂದಕ್ಕೂ ಎಳೆದು ಒಣಗಲು ಬಿಡುತ್ತೇನೆ. ಗಂಡಿನ ಹೊಟ್ಟೆಯ ತುದಿಯನ್ನೂ ಇದೇ ಹೊತ್ತಿನಲ್ಲಿ ಕೊಂಚ ಹೊರಕ್ಕೆ ಎಳೆದಿಟ್ಟರೆ ಮುಂದೆ ಜನನಾಂಗದ ಪರೀಕ್ಷೆ ಬೇಕಾದಾಗ ಅನುಕೂಲ. ಗಂಡು ಹೆಣ್ಣುಗಳ ವ್ಯತ್ಯಾಸ ತಿಳಿಯಲು ಕಣ್ಣು ನೋಡಿದರೆ ಸಾಕು: ಗಂಡಿನ ಎರಡು ಕಣ್ಣುಗಳು ನೆತ್ತಿಯ ಮೇಲೆ ಒಂದಕ್ಕೊಂದು ತಾಗಿರುತ್ತವೆ, ಹೆಣ್ಣಿನಲ್ಲಿ ನಡುವೆ ಜಾಗವಿರುತ್ತದೆ. ಹೆಣ್ಣಿಗೆ ಕಾಲಿನ ಮುಳ್ಳಿಲ್ಲ. ಹಾಗಾಗಿ ಒಂದು ಜಾಗದಲ್ಲಿ ಬರೀ ಹೆಣ್ಣೇ ಸಿಕ್ಕಿದ್ದರೆ, ಅದೇ ಹೊಲದಿಂದ ಗಂಡೊಂದು ಸಿಗುವವರೆಗೆ ಆ ದಾಖಲೆಯನ್ನು ನಾನು ನಕಾಶೆಗೆ ಏರಿಸುವುದಿಲ್ಲ. ಇದು ಅತಿಯಾದ ಬಿಗಿಯೆಂದು ಕೆಲವು ಸ್ನೇಹಿತರು ಹೇಳಿದ್ದುಂಟು. ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ಸಾಮಾನ್ಯವಾದ ಪ್ರಭೇದದ ಗಂಡು ಹುಡುಕಿದರೆ ಸಿಗುತ್ತದೆ.

ದೇಹದ ಗುರುತು ಖಚಿತವಾದ ಮೇಲೆ ಹಳೆಯ ಬರಹಗಳಲ್ಲಿ ಈ ನೊಣವನ್ನು ಹುಡುಕುವ ಕೆಲಸ. ಇದಕ್ಕೆ ಹೆಸರಿನ ಚರಿತ್ರೆ ಗೊತ್ತಿರಲೇಬೇಕು. ಇದನ್ನು ಮೊದಲು ವರ್ಣಿಸಿದವರು ಲಿನೇಯಸ್‌ನ ಶಿಷ್ಯರಾದ ಡೆನ್ಮಾರ್ಕಿನ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರೀಸಿಯಸ್, 1805ರಲ್ಲಿ, ಸ್ಕೀವಾ ಸ್ಕುಟೆಲ್ಲಾರಿಸ್ ಎಂಬ ಹೆಸರಿನಲ್ಲಿ. ಅವರ ಕೈಗೆ ಬಂದ ಮಾದರಿ ತರಂಗಂಬಾಡಿಯದು. ಇಂದಿನ ತಮಿಳುನಾಡಿನ ಕರಾವಳಿಯಲ್ಲಿರುವ ಆ ಊರು 1620ರಿಂದ 1845ರವರೆಗೆ ಡೇನರ ವಸಾಹತಾಗಿತ್ತು. ಅಲ್ಲಿಂದ ಹಡಗಿನಲ್ಲಿ ಹೋದ ಕೀಟಗಳನ್ನು ನೋಡಿ ಫ್ಯಾಬ್ರೀಸಿಯಸ್ ದಕ್ಷಿಣ ಭಾರತದ ಅನೇಕ ಕೀಟಗಳಿಗೆ ಹೆಸರಿಟ್ಟರು. ಯುರೋಪಿನ ಪ್ರಭೇದವೊಂದರ ಹೆಸರನ್ನು ನಮ್ಮಲ್ಲಿಯ ನೊಣಕ್ಕೆ ಅನ್ವಯಿಸುವಾಗ ಇರುವ ಅಳುಕು ಇಲ್ಲಿ ಇಲ್ಲ, ಏಕೆಂದರೆ ಇದರ ಮೂಲ ಮಾದರಿಯೇ ನಮ್ಮ ದಕ್ಷಿಣದ ನೆಲದ್ದು. ನಾನು ಈ ಪ್ರಭೇದವನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ. ಎಪಿಸಿರ್ಫಸ್‌ನಲ್ಲಿ ಈ ಸೌಕರ್ಯವಿಲ್ಲ. 1776ರಲ್ಲಿ ದ ಯೀರ್ ವರ್ಣಿಸಿದ ಎಪಿಸಿರ್ಫಸ್ ಬಾಲ್ಟಿಯೇಟಸ್ ಎಂಬ ಯುರೋಪಿನ ಹೆಸರನ್ನು ನಮ್ಮ ಬಹುತೇಕ ವರದಿಗಳು ಬಳಸುತ್ತವೆ, ಆದರೆ ಅದನ್ನೇ ಹೋಲುವ ಎಪಿಸಿರ್ಫಸ್ ವಿರಿಡೌರಿಯಸ್ ಕೂಡ ಓರಿಯೆಂಟಲ್ ವಲಯದಲ್ಲಿ, ಅಂದರೆ ಭಾರತವೂ ಸೇರಿದ ದಕ್ಷಿಣ ಮತ್ತು ಆಗ್ನೇಯ ಏಷ್ಯಾದಲ್ಲಿ, ಇರುವುದರಿಂದ ಅಂಥ ದಾಖಲೆಗಳನ್ನು ನಾನು ಕುಲದ ಹೆಸರಿನಲ್ಲಿ ಮಾತ್ರ ಇಟ್ಟುಕೊಂಡಿದ್ದೇನೆ.

ಫ್ರಾನ್ಸಿನ ಮಕಾರ್ 1842ರಲ್ಲಿ ಸಿರ್ಫಸ್ ಕೋರಮಂಡಲೆನ್ಸಿಸ್ ಎಂದು ಹೆಸರಿಸಿದ್ದು ಇದೇ ನೊಣವನ್ನು. ಇಸ್ಕಿಯೋಡಾನ್ ಎಂಬ ಕುಲವನ್ನು ಸ್ಥಾಪಿಸಿದವರು ಜರ್ಮನಿಯ ಪಿಯುಸ್ ಸ್ಯಾಕ್, 1913ರಲ್ಲಿ. ತೈವಾನಿನಿಂದ ಬಂದ ಮಾದರಿಗಳಿಗೆ ಅವರು ಕೊಟ್ಟ ಇಸ್ಕಿಯೋಡಾನ್ ಟ್ರೋಕ್ಯಾಂಟರಿಕಾ ಎಂಬ ಹೆಸರೂ ಕೊನೆಗೆ ಸ್ಕುಟೆಲ್ಲಾರಿಸ್‌ನ ಸಮಾನನಾಮ, ಅಂದರೆ ಅದೇ ಪ್ರಭೇದಕ್ಕೆ ಕೊಟ್ಟ ಇನ್ನೊಂದು ಹೆಸರು, ಎಂದು ಗೊತ್ತಾಯಿತು. ಬ್ರಿಟಿಷ್ ಭಾರತದ ಪ್ರಾಣಿಸಂಕುಲ ಮಾಲೆಯಲ್ಲಿ ಎನ್ರಿಕೊ ಬ್ರುನೆಟ್ಟಿ 1923ರಲ್ಲಿ ಹೊರತಂದ ಸಂಪುಟ ಸಿರ್ಫಿಡ್‌ಗಳಿಗೆ ನಮ್ಮಲ್ಲಿ ದಶಕಗಳ ಕಾಲ ಮೂಲ ಆಕರವಾಗಿತ್ತು. ಆ ಕಾಲದ ಕೃಷಿ ಕೀಟಶಾಸ್ತ್ರದ ಬರಹಗಳಲ್ಲಿ ಈ ನೊಣ ಕ್ಸಾಂಥೋಗ್ರಾಮಾ ಸ್ಕುಟೆಲ್ಲಾರೆ ಎಂದು ಕಾಣಿಸಿಕೊಳ್ಳುತ್ತದೆ. ಇಸ್ಕಿಯೋಡಾನ್ ಎಂದಷ್ಟೇ ಹುಡುಕುವವರಿಗೆ ಆ ಹಳೆಯ ದಾಖಲೆಗಳೊಂದೂ ಸಿಗುವುದಿಲ್ಲ.

ಇತ್ತೀಚಿನ ಬದಲಾವಣೆಗಳೂ ಇವೆ. 2006ರಲ್ಲಿ ಯುರೋಪಿನ ಸಂಶೋಧಕರ ತಂಡವೊಂದು ಮರಿಹುಳುಗಳ ರಚನೆ ಮತ್ತು ಡಿಎನ್‌ಎ ಆಧಾರದ ಮೇಲೆ ಇಸ್ಕಿಯೋಡಾನ್ ಕುಲವನ್ನು, ಆಸ್ಟ್ರೇಲಿಯಾದಲ್ಲಿ ಪರಿಚಿತವಾದ ಸೈಮೋಸಿರ್ಫಸ್ ಕುಲದೊಳಗೆ ಸೇರಿಸಿತು. ಹೀಗಾಗಿ ಕೆಲವು ವರ್ಷಗಳ ಪ್ರಬಂಧಗಳಲ್ಲಿ ಸೈಮೋಸಿರ್ಫಸ್ ಸ್ಕುಟೆಲ್ಲಾರಿಸ್ ಎಂಬ ಹೆಸರೂ ಇದೆ. 2018ರಲ್ಲಿ ಮಡಗಾಸ್ಕರ್‌ನಿಂದ ಇಸ್ಕಿಯೋಡಾನ್ ಆಸ್ಟಾಲೆಸ್ ಎಂಬ ಹೊಸ ಪ್ರಭೇದವನ್ನು ವರ್ಣಿಸಿದ ಹಾವಿಯರ್ ಮೆಂಗ್ವಾಲ್ ಇಸ್ಕಿಯೋಡಾನ್ ಎಂಬ ಕುಲವನ್ನು ಪ್ರತ್ಯೇಕವಾಗಿಯೇ ಉಳಿಸಿಕೊಂಡರು, ನಾನೂ ಅದನ್ನೇ ಅನುಸರಿಸುತ್ತೇನೆ. ನನ್ನ ದಾಖಲೆಯ ಪುಸ್ತಕದಲ್ಲಿ ಹೆಸರಿಗೆ ಎರಡು ಕಲಮುಗಳಿವೆ: ಮೂಲ ಬರಹದಲ್ಲಿದ್ದ ಹೆಸರು ಇದ್ದ ಹಾಗೆಯೇ ಮೊದಲನೆಯದರಲ್ಲಿ, ಈಗ ಒಪ್ಪಿತವಾದ ಹೆಸರು ಎರಡನೆಯದರಲ್ಲಿ. ನಾಳೆ ವರ್ಗೀಕರಣ ಮತ್ತೆ ಬದಲಾದರೆ ಎರಡನೆಯ ಕಲಮನ್ನು ತಿದ್ದಿದರೆ ಸಾಕು. ಭಾರತೀಯ ಉಪಖಂಡದ ಸಿರ್ಫಿಡ್‌ಗಳ ಪಟ್ಟಿಗೆ ನಮ್ಮ ಕರ್ನಾಟಕದವರೇ ಆದ ಕುಮಾರ್ ಘೋರ್ಪಡೆಯವರ ಕೆಲಸ ದೊಡ್ಡ ಆಧಾರ. ಅವರು 2014ರಲ್ಲಿ ಪ್ರಕಟಿಸಿದ ಪರಿಷ್ಕೃತ ಪಟ್ಟಿಯಿಲ್ಲದೆ ಇಷ್ಟು ಹೆಸರುಗಳ ನಡುವೆ ದಾರಿ ಹುಡುಕುವುದು ನನ್ನಂಥವರಿಗೆ ಸಾಧ್ಯವಾಗುತ್ತಿರಲಿಲ್ಲ.

ಹೂವಿನ ಮೇಲೆ ಹಿಡಿದ ನೊಣ ಆ ಹೊಲಕ್ಕೆ ಮಕರಂದಕ್ಕಾಗಿ ಬಂದದ್ದೋ, ಅಲ್ಲಿಯೇ ಹುಟ್ಟಿ ಬೆಳೆದದ್ದೋ ಎಂದು ಹೇಳಲಾಗುವುದಿಲ್ಲ. ಆದ್ದರಿಂದ ಸಾಧ್ಯವಾದಲ್ಲೆಲ್ಲ ಮರಿಹುಳುವನ್ನು ತಂದು ಸಾಕುತ್ತೇನೆ. ನನ್ನ ದೃಷ್ಟಿಯಲ್ಲಿ ಈ ಕೆಲಸದ ಅತ್ಯಂತ ತೃಪ್ತಿಕರ ಭಾಗ ಇದೇ. ಕುಸುಬೆಯ ಎಳೆಯ ಕುಡಿ ಕಪ್ಪು ಹೇನಿನಿಂದ ತುಂಬಿರುವಾಗ, ಹೇನುಗಳ ನಡುವೆ ಒಂದೊಂದಾಗಿ ಅಡ್ಡಕ್ಕೆ ಅಂಟಿಸಿದ ಬಿಳಿ ಮೊಟ್ಟೆಗಳು ಭೂತಗನ್ನಡಿಗೆ ಕಾಣುತ್ತವೆ. ಮರಿಹುಳುವಿಗೆ ಕಾಲಿಲ್ಲ, ಕಣ್ಣಿಲ್ಲ. ಮುಂಭಾಗ ಚೂಪು, ಹಿಂಭಾಗ ಮೊಂಡು, ಹಿಂತುದಿಯಲ್ಲಿ ಎರಡು ಒಂದಾಗಿ ಕೂಡಿಕೊಂಡ ಉಸಿರಾಟದ ಕೊಳವೆ. ತಲೆಯನ್ನು ಅತ್ತಿತ್ತ ಆಡಿಸುತ್ತ ಸಾಗಿ, ಹೇನು ತಾಗಿದೊಡನೆ ಅದನ್ನು ಗಿಡದಿಂದ ಮೇಲಕ್ಕೆತ್ತಿ ಹಿಡಿದು, ರಸವನ್ನೆಲ್ಲ ಹೀರಿ, ಖಾಲಿ ಸಿಪ್ಪೆಯನ್ನು ಬಿಸುಡುತ್ತದೆ. ಒಮ್ಮೆ ನವಲಗುಂದದ ಕಡೆಯ ರೈತರೊಬ್ಬರು ಇಂಥ ಹುಳುವನ್ನು ತೋರಿಸಿ, "ಸರ, ಈ ಹುಳಕ್ಕ ಯಾವ ಎಣ್ಣಿ ಹೊಡೀಬೇಕ್ರಿ?" ಎಂದು ಕೇಳಿದರು. ಅದು ಹೇನು ತಿನ್ನುವುದನ್ನು ಭೂತಗನ್ನಡಿಯಲ್ಲಿ ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದ ಅವರು ಆ ಸಾಲಿಗೆ ಔಷಧಿ ಹೊಡೆಯುವುದನ್ನು ಕೈಬಿಟ್ಟರು.

ಸಾಕಲು ದೊಡ್ಡ ಸಲಕರಣೆಯೇನೂ ಬೇಡ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ, ಮೇಲೆ ಕಟ್ಟಲು ತೆಳುವಾದ ಮಲ್‌ಬಟ್ಟೆ, ತಳಕ್ಕೆ ಒಣ ಟಿಶ್ಯೂ ಕಾಗದ ಇದ್ದರೆ ಆಯಿತು. ಹುಳು ಸಿಕ್ಕಿದ ಗಿಡದ ಹೇನನ್ನೇ ದಿನವೂ ಹೊಸ ಕುಡಿಯೊಂದಿಗೆ ಕೊಡಬೇಕು, ಡಬ್ಬಿಯೊಳಗೆ ಬೆವರು ಕಟ್ಟದಂತೆ ನೋಡಿಕೊಳ್ಳಬೇಕು, ಒಂದು ಡಬ್ಬಿಯಲ್ಲಿ ಒಂದೇ ಹುಳು ಇರಬೇಕು. ಹೇನು ಸಾಲದಾದರೆ ಒಂದು ಹುಳು ಇನ್ನೊಂದನ್ನು ತಿನ್ನುತ್ತದೆ. ಬೆಳೆದ ಹುಳು ತಿನ್ನುವುದನ್ನು ನಿಲ್ಲಿಸಿ ಡಾಂಬರಿನಂಥ ಕಪ್ಪು ಮಲವನ್ನು ಹೊರಹಾಕಿದರೆ ಕೋಶಾವಸ್ಥೆ ಹತ್ತಿರವಾಯಿತೆಂದು ತಿಳಿಯಬೇಕು. ಅದರ ಕೊನೆಯ ಚರ್ಮವೇ ಗಟ್ಟಿಯಾಗಿ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಮೊನಚಾದ ಕೋಶವಾಗುತ್ತದೆ. ಬೆಚ್ಚನೆಯ ದಿನಗಳಲ್ಲಿ ಸುಮಾರು ಒಂದು ವಾರದೊಳಗೆ ನೊಣ ಹೊರಬರುತ್ತದೆ. ಹೊರಬಂದ ಕೂಡಲೇ ಅದನ್ನು ಕೊಲ್ಲಬಾರದು. ಬಣ್ಣ ಕೂರಲು ಒಂದು ದಿನ ಬೇಕು, ಇಲ್ಲದಿದ್ದರೆ ಪಟ್ಟೆಗಳೆಲ್ಲ ಮಸುಕಾಗಿ ಉಳಿಯುತ್ತವೆ. ಖಾಲಿ ಕೋಶವನ್ನು ಸಣ್ಣ ಕಾಗದದ ತುಂಡಿಗೆ ಅಂಟಿಸಿ ಅದೇ ನೊಣದ ಸೂಜಿಗೆ ಚುಚ್ಚಿಡುತ್ತೇನೆ.

ಎಲ್ಲ ಕೋಶಗಳಿಂದಲೂ ನೊಣ ಬರುವುದಿಲ್ಲ. ಕೆಲವುಗಳಿಂದ ಕೆಂಗಾಲಿನ, ಕಪ್ಪು ದೇಹದ ಒಂದು ಪುಟ್ಟ ಕಣಜ ಹೊರಬರುತ್ತದೆ. ಅದು ಡಿಪ್ಲಾಜಾನ್ ಲೇಟಟೋರಿಯಸ್, ಸಿರ್ಫಿಡ್‌ಗಳ ಮೇಲೆಯೇ ಬದುಕುವ, ಜಗತ್ತಿನಾದ್ಯಂತ ಹರಡಿರುವ ಪರತಂತ್ರ ಕಣಜ. ನೊಣದ ಮೊಟ್ಟೆ ಅಥವಾ ಎಳೆಯ ಹುಳುವಿನೊಳಗೆ ಅದು ಮೊಟ್ಟೆಯಿಡುತ್ತದೆ, ಹುಳು ಕೋಶವಾದ ಮೇಲೆ ಅದರೊಳಗಿನಿಂದ ಹೊರಬರುತ್ತದೆ. ಇಂಥ ಕಣಜವನ್ನೂ ಕೋಶದ ಸಮೇತ ಕಾಪಿಟ್ಟು ಬೆಳೆ, ಹೇನು, ಊರು, ದಿನಾಂಕ ಬರೆದಿಡುತ್ತೇನೆ. ಆದರೆ ಅಂಥ ಕೋಶವನ್ನು ಇಸ್ಕಿಯೋಡಾನ್‌ನ ದಾಖಲೆಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಹರವಿನ ವಿಷಯ. ಈ ಪ್ರಭೇದ ಪಾಕಿಸ್ತಾನದಿಂದ ಭಾರತ, ನೇಪಾಳ, ಶ್ರೀಲಂಕಾಗಳ ಮೂಲಕ ಚೀನಾ, ತೈವಾನ್, ಜಪಾನ್‌ವರೆಗೂ, ಆಗ್ನೇಯ ಏಷ್ಯಾದಿಂದ ನ್ಯೂ ಗಿನಿ ಮತ್ತು ಪೆಸಿಫಿಕ್ ದ್ವೀಪಗಳವರೆಗೂ ಹಬ್ಬಿದೆ. ಇದರ ಹತ್ತಿರದ ಸಂಬಂಧಿ ಇಸ್ಕಿಯೋಡಾನ್ ಈಜಿಪ್ಟಿಯಸ್ ಆಫ್ರಿಕಾದಲ್ಲಿಯೂ ಸ್ಪೇನಿನ ದಕ್ಷಿಣದಲ್ಲಿಯೂ ಇದೆ. ಇಷ್ಟು ದೊಡ್ಡ ಹರವಿನೊಳಗೆ ನಮ್ಮ ರಾಜ್ಯವಿರುವುದು ಸಹಜ. ಆದರೆ ರಾಜ್ಯದೊಳಗೆ ಎಲ್ಲಿ, ಯಾವಾಗ ಎಂಬುದು ನನ್ನ ಪ್ರಶ್ನೆ. ಧಾರವಾಡ, ಗದಗ, ವಿಜಯಪುರಗಳ ಕುಸುಬೆ ಮತ್ತು ಹಿಂಗಾರಿ ಜೋಳದಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗೆ ಇದು ಹೇರಳ. ಬಿಸಿಲು ಬಲಿತು ಹೇನು ಇಳಿದ ಮೇಲೆ ಹೊಲದಲ್ಲಿ ಅಪರೂಪವಾಗುತ್ತದೆ, ನೀರಾವರಿ ತೋಟದ ಅಲಸಂದೆಯಲ್ಲಿ, ಬೀಜಕ್ಕೆ ಬಿಟ್ಟ ಕೊತ್ತಂಬರಿ ಸಬ್ಬಸಿಗೆಗಳ ಹೂವಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿಯುತ್ತದೆ. ದಕ್ಷಿಣದ ಕೋಲಾರ, ತುಮಕೂರು ಕಡೆ ಅವರೆಯ ಹಂಗಾಮಿನಲ್ಲಿ ಸಿಕ್ಕಿದೆ. ಮಲೆನಾಡಿನಲ್ಲಿ ಗದ್ದೆಬಯಲು ಮತ್ತು ಮನೆಯ ಹಿತ್ತಿಲುಗಳಲ್ಲಿ ಇದೆ; ಕಾಡಿನ ನೆರಳಿಗೆ ಹೊಕ್ಕರೆ ಕಾಣುವುದಿಲ್ಲ, ಅಲ್ಲಿ ಸಪೂರ ಸೊಂಟದ ಅಲ್ಲೋಬಾಕಾದಂಥ ಬೇರೆ ಕುಲಗಳು ಸಿಗುತ್ತವೆ. ಬಯಲು, ಬಿಸಿಲು, ಹೇನು ಈ ಮೂರೂ ಒಟ್ಟಿಗಿರುವಲ್ಲಿ ಇದನ್ನು ಹುಡುಕಬೇಕೆಂಬುದು ನನ್ನ ದಾಖಲೆಗಳಿಂದ ನಾನು ಕಂಡುಕೊಂಡದ್ದು. 2002ರ ಸುಮಾರಿಗೆ ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿದ್ದಾಗ ಅಲ್ಲಿ ಹೆಚ್ಚು ವರದಿಯಾದ ಸಿರ್ಫಿಡ್ ಇದಲ್ಲ, ಯೂಪಿಯೋಡಿಸ್ ಕಾನ್‌ಫ್ರೇಟರ್. ಹೇನು ಇದ್ದಲ್ಲೆಲ್ಲ ಇದೇ ನೊಣ ಇರುತ್ತದೆಂದು ಊಹಿಸಬಾರದು ಎಂಬುದಕ್ಕಾಗಿ ಇದನ್ನು ಹೇಳುತ್ತಿದ್ದೇನೆ.

ಹಿಡಿಯಲು ನನಗೆ ಎಲ್ಲಕ್ಕಿಂತ ಒದಗಿದ್ದು ಕೈಬಲೆ, ಅದರಲ್ಲೂ ಬೆಳಿಗ್ಗೆ ಇಬ್ಬನಿ ಆರಿದ ಮೇಲಿನ ಹೊತ್ತು. ಸೋಪುನೀರು ಹಾಕಿದ ಹಳದಿ ತಟ್ಟೆಗಳನ್ನು ಬದುವಿನ ಮೇಲಿಟ್ಟರೆ ಕಡಿಮೆ ಸಂಖ್ಯೆಯಲ್ಲಿ ಬೀಳುತ್ತವೆ, ಆದರೆ ನಾನು ಹೋಗಲಾಗದ ಹೊತ್ತಿನದನ್ನೂ ಅವು ತೋರಿಸುತ್ತವೆ. ಖಾಸಗಿ ಹೊಲದಲ್ಲಿ ರೈತರ ಒಪ್ಪಿಗೆ ಸಾಕು. ಅರಣ್ಯ ಪ್ರದೇಶದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ನೊಣವನ್ನೂ ಹಿಡಿಯಬಾರದು. ಛಾಯಾಚಿತ್ರದ ದಾಖಲೆಗಳನ್ನು ನಾನು ತಿರಸ್ಕರಿಸುವುದಿಲ್ಲ. ಮೇಲಿನಿಂದ ತೆಗೆದ ಒಂದು ಚಿತ್ರ, ಪಕ್ಕದಿಂದ ತೆಗೆದ ಇನ್ನೊಂದು ಇದ್ದು, ಪಕ್ಕದ ಚಿತ್ರದಲ್ಲಿ ಹಿಂಗಾಲಿನ ಬುಡ ಕಾಣುತ್ತಿದ್ದರೆ ಗಂಡನ್ನು ಖಚಿತವಾಗಿ ಹೆಸರಿಸಬಹುದು. ನಕಾಶೆಯಲ್ಲಿ ಮಾದರಿಯ ಆಧಾರವಿರುವ ಚುಕ್ಕೆಯನ್ನು ತುಂಬಿದ ವೃತ್ತವಾಗಿಯೂ, ಚಿತ್ರದ ಆಧಾರದ್ದನ್ನು ಖಾಲಿ ವೃತ್ತವಾಗಿಯೂ, ಹಳೆಯ ಬರಹದಿಂದ ಎತ್ತಿಕೊಂಡದ್ದನ್ನು ಶಿಲುಬೆಯಾಕಾರದ ಗುರುತಾಗಿಯೂ ಹಾಕುತ್ತೇನೆ. ಚುಕ್ಕೆಯಿಲ್ಲದ ತಾಲ್ಲೂಕುಗಳಲ್ಲಿ ನಾನು ಹೋಗಿ ಹುಡುಕಿಯೂ ಸಿಗದವು ಯಾವುವು, ಹೋಗದೇ ಇರುವವು ಯಾವುವು ಎಂಬುದನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತೇನೆ. ಕರಾವಳಿಯ ಮತ್ತು ಕಲ್ಯಾಣ ಕರ್ನಾಟಕದ ಈಶಾನ್ಯ ಅಂಚಿನ ಹೆಚ್ಚಿನ ತಾಲ್ಲೂಕುಗಳು ಸದ್ಯ ಎರಡನೆಯ ಬಣ್ಣದಲ್ಲಿವೆ.

ಮಾದರಿಗಳ ಒಂದು ಜೊತೆ ನಮ್ಮ ಕಾಲೇಜಿನಲ್ಲಿ ಪಾಠಕ್ಕೆ ಉಳಿಯುತ್ತದೆ. ಉಳಿದವು, ಮುಖ್ಯವಾಗಿ ಸಾಕಿ ಪಡೆದವು, ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಸಾರ್ವಜನಿಕ ಸಂಗ್ರಹಕ್ಕೆ ಸೇರಬೇಕೆಂಬುದು ನನ್ನ ಇಚ್ಛೆ. ಮನೆಯ ಪೆಟ್ಟಿಗೆಯಲ್ಲಿ ಬೂಷ್ಟು ಮತ್ತು ಸಣ್ಣ ಜೀರುಂಡೆಗಳು ಎಷ್ಟು ಬೇಗ ಮಾದರಿಯನ್ನು ಪುಡಿಮಾಡುತ್ತವೆಂದು ನಮ್ಮ ಹವೆಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತಿದೆ. ಪ್ರತಿ ಸೂಜಿಗೂ ಎರಡು ಚೀಟಿಗಳು. ಮೇಲಿನದರಲ್ಲಿ ರಾಜ್ಯ, ಜಿಲ್ಲೆ, ಊರು, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಹಿಡಿದವರ ಹೆಸರು, ಬೆಳೆ ಮತ್ತು ಹೇನು. ಕೆಳಗಿನದರಲ್ಲಿ ಪ್ರಭೇದದ ಹೆಸರು, ಗುರುತಿಸಿದವರು, ಗುರುತಿಸಿದ ವರ್ಷ. ಮುಂದೆ ಯಾರಾದರೂ ಬೇರೆ ಹೆಸರು ಕೊಟ್ಟರೆ ಹಳೆಯ ಚೀಟಿಯನ್ನು ತೆಗೆಯದೆ ತಮ್ಮ ಚೀಟಿಯನ್ನು ಅದರ ಕೆಳಗೆ ಚುಚ್ಚುತ್ತಾರೆ. ಅದಕ್ಕಾಗಿ ಸೂಜಿಯ ಕೆಳತುದಿಯಲ್ಲಿ ಮೂರನೆಯ ಚೀಟಿಗೆ ಜಾಗ ಬಿಟ್ಟೇ ಇಡುತ್ತೇನೆ.